ನಾಲ್ಕನೇ ಟಕ್

ಗಡಿಯಾರಪ್ಪನಿಗೆ ಮನೆಯಲ್ಲಿದ್ದ ಏಕೈಕ ಶತ್ರು ಹೆಂಡತಿಯ ಹೊಲಿಗೆ ಯಂತ್ರ. (ಹೆಂಡತಿಯನ್ನೇ ಆ ಸ್ಥಾನದಲ್ಲಿ ಕೂರಿಸುವಷ್ಟು ಧೈರ್ಯ ಅವನಿಗಿರಲಿಲ್ಲ.)

ಅಂಗಡಿಯಲ್ಲಿ ಹಗಲೆಲ್ಲ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಊರವರ ಗಡಿಯಾರಗಳ ಸೋಮಾರಿತನ ಬಿಡಿಸುತ್ತಿದ್ದವನು, ಮನೆಗೆ ಬಂದೊಡನೆ ಹೆಡ್‌ಫೋನ್ ಏರಿಸಿ ಹಿಪ್-ಹಾಪ್ ಕೇಳಲು ಕೂರುತ್ತಿದ್ದ. ಹಾಡುವವರ ಮಾತು ಅವನಿಗೆ ಬೇಡ. ಮಾತು ಮನೆಯಲ್ಲೇ ಬೇಕಾದಷ್ಟಿತ್ತು. ಹಿಂದೆ ಕೂತು ಬೀಟ್ ಕಟ್ಟುವ ಪ್ರೊಡ್ಯೂಸರ್‌ಗಳೇ ಅವನ ಆರಾಧ್ಯದೈವಗಳು. ಕುಡಿಯುವ ನೀರಿನ ಲೋಟವನ್ನೇ ನಡುಗಿಸುವ ಗುಡುಗುಸ್ವಾಮಿಗೆ ಮೂರನೇ ಸ್ಥಾನ. ಹಳೇ ರೆಕಾರ್ಡುಗಳ ಕರಕರವನ್ನೇ ಮಳೆಯಾಗಿಸಿದ ಧೂಳಪ್ಪನಿಗೆ ಎರಡನೆಯದು. ಇಂಟರ್ನೆಟ್ಟಿನಲ್ಲಿ ಮುಖ ತೋರಿಸದ ಸೂಜಿಮಲ್ಲ ಎಂಬಾತ ಮಾತ್ರ ಸಾರ್ವಭೌಮ.

“ಸೂಜಿ ಅಂದ್ರೆ ಗ್ರಾಮಫೋನ್ ಸೂಜಿ ಕಣೇ,” ಎಂದು ಊಟಕ್ಕೆ ಕೂತಾಗ ವಿವರಿಸಿದ. “ಅವನ ‘ಸಂಜೆ’ ಅನ್ನೋ ಬೀಟ್ ಕೇಳ್ಬೇಕು ನೀನು. ಮೂರು ಏಟು ನೆಟ್ಟಗೆ. ನಾಲ್ಕನೇದು ಒಂಚೂರು ತಡ. ಆ ತಡದಲ್ಲಿ ಪ್ರಾಣ ಇದೆ! ಮಧ್ಯೆ ಪಾತಾಳದಿಂದ ಒಂದು ಗೊಣಗಾಟ ಬರುತ್ತೆ ನೋಡು, ಯಾವ ಮಹಾತ್ಮನ ದನಿಯೋ!”

ಹೆಂಡತಿಯ ತಮ್ಮ ತಲೆ ಬಗ್ಗಿಸಿ ಊಟ ಮಾಡುತ್ತಿದ್ದ. ಕೆಲಸ ಹುಡುಕುವ ನೆಪದಲ್ಲಿ ಬಂದು, ಒಳಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೀಡುಬಿಟ್ಟಿದ್ದವನು.

“ನೀನೂ ಇದ್ದೀಯ, ಆ ಸೂಜಿಮಲ್ಲನೂ ಇದ್ದಾನೆ,” ಎಂದ ಗಡಿಯಾರಪ್ಪ.

“ಹೌದು ಭಾವ, ಇಬ್ರೂ ಇದ್ದೀವಿ.”

ಹೆಂಡತಿ ನಗು ತಡೆದುಕೊಂಡು ಎದ್ದುಹೋದಳು. ಕ್ಷಣದಲ್ಲೇ ಯಂತ್ರ ಶುರುವಾಯಿತು: ಟಕ್, ಟಕ್, ಟಕ್… ಟಕ್.

“ಏ, ನಿಲ್ಸೇ ಅದನ್ನ! ಕುಂಟು ಕುದುರೆ ಓಡಿಸ್ದಂಗೆ!”

“ಅಮ್ಮ ಕೊಟ್ಟಿದ್ದು ರೀ. ಅದು ಕುಂಟಿದ ಕಡೆ ನಾನು ಬಟ್ಟೆ ತಿರುಗಿಸ್ತೀನಿ. ನನ್ನ ಕೈಗೆ ಅದೇ ಗೊತ್ತಿರೋದು.”

ಮರುದಿನ ಅಕ್ಕ-ತಮ್ಮ ಬಟ್ಟೆ ತರಲು ಪೇಟೆಗೆ ಹೋದರು. ಗಡಿಯಾರಪ್ಪನಿಗೆ ಉಪಕಾರ ಬುದ್ಧಿ ಉಕ್ಕಿತು. ಹೆಂಡತಿಯ ಮುಖ ಅರಳುವುದನ್ನು ಮನಸ್ಸಿನಲ್ಲೇ ನೋಡುತ್ತ, ಅಂಗಡಿಯ ಉಪಕರಣಗಳನ್ನು ತಂದು ಯಂತ್ರದ ಹೊಟ್ಟೆ ಬಿಚ್ಚಿದ. ಒಳಗೆ ಸವೆದು ಸಡಿಲವಾದ ಒಂದು ತಿರುಪು. ಅದನ್ನೆಸೆದು ಹೊಸದನ್ನು ಬಿಗಿದು ಎಣ್ಣೆ ಬಿಟ್ಟ. ಯಂತ್ರ ಸ್ವಿಸ್ ಗಡಿಯಾರದಂತೆ ಓಡಿತು.

ಸಂಜೆ ಹೆಂಡತಿ ಪೆಡಲ್ ತುಳಿದಳು. ಟಕ್ ಟಕ್ ಟಕ್ ಟಕ್. ಕುಂಟು ಸಿಗದೆ ಅವಳ ಕೈ ಬಟ್ಟೆ ತಿರುಗಿಸಲಿಲ್ಲ; ಹೊಲಿಗೆ ಅಂಚು ದಾಟಿ ಬಟ್ಟೆಯ ನಡುವೆ ನುಗ್ಗಿತು. ಅವಳು ಕೈತೆಗೆದು ಯಂತ್ರವನ್ನು ಅಪರಿಚಿತರನ್ನು ನೋಡುವಂತೆ ನೋಡಿದಳು. ಒಳಕೋಣೆಯಿಂದ ತಮ್ಮ ಓಡಿಬಂದ.

“ಭಾವ! ಏನ್ ಮಾಡಿದ್ರಿ? ಹೊಸ ಬೀಟ್‌ಗೆ ಇನ್ನೂ ಅರ್ಧ ರೆಕಾರ್ಡ್ ಮಾಡ್ಬೇಕಿತ್ತು!”

“ಯಾವ ಬೀಟ್?”

ಅವನು ಭಾವನ ಕಿವಿಗೆ ಹೆಡ್‌ಫೋನ್ ಹಾಕಿ ‘ಸಂಜೆ’ಯನ್ನು ಹಚ್ಚಿದ. ಮೂರು ಏಟು ನೆಟ್ಟಗೆ, ನಾಲ್ಕನೆಯದು ತಡ. ಪಾತಾಳದ ಗೊಣಗಾಟ ಬಂದಾಗ ಅದರ ವೇಗ ಹೆಚ್ಚಿಸಿದ. ಮಹಾತ್ಮನ ದನಿ ತೆಳುವಾಗುತ್ತ ಬಂದು, ಸ್ಪಷ್ಟವಾಗಿ ಹೇಳಿತು: “ಏ, ನಿಲ್ಸೇ ಅದನ್ನ!”

ಗಡಿಯಾರಪ್ಪ ಹೆಡ್‌ಫೋನ್ ಕಳಚಿ ಹೆಂಡತಿಯ ಕಡೆ ನೋಡಿದ. “ನಿಂಗೆ ಗೊತ್ತಿತ್ತಾ?”

“ಹೇಳ್ಬೇಡ ಅಂದಿದ್ದ. ಹೇಳಿದ್ರೆ ನೀವು ಬುದ್ಧಿವಾದ ಶುರು ಮಾಡ್ತೀರಂತೆ.” ಹಾಳಾದ ಬಟ್ಟೆಯನ್ನು ಮಡಿಲಲ್ಲಿಟ್ಟು ಹೊಲಿಗೆ ಬಿಚ್ಚುತ್ತಿದ್ದಳು. “ಅಮ್ಮ ಹೊಲಿಯುವಾಗಲೂ ಅದು ಹಾಗೇ ಕುಂಟ್ತಿತ್ತು ರೀ.”

ಗಡಿಯಾರಪ್ಪ ಎದ್ದ. ಕಸದಬುಟ್ಟಿ ಮಗುಚಿ ಹಳೇ ತಿರುಪು ಹುಡುಕಿದ, ಸಿಗಲಿಲ್ಲ. ಹೊಸದನ್ನೇ ಸಡಿಲಿಸಿದ. ಯಂತ್ರ ಎರಡನೆಯ ಏಟಿಗೆ ಕೆಮ್ಮಿತು. ಇನ್ನಷ್ಟು ಸಡಿಲಿಸಿದ, ದಾರ ಗಂಟಾಯಿತು. ಜೀವಮಾನವಿಡೀ ತಪ್ಪು ತಿದ್ದಿದ ಕೈಗೆ ಒಂದು ತಪ್ಪು ಮಾಡಲು ಬರಲಿಲ್ಲ.

ಸೂಜಿಮಲ್ಲನ ಹೊಸ ಬೀಟ್ ಆಮೇಲೆ ಹೊರಬಂತು. ಕೆಳಗೆ ಯಾರೋ ಅಭಿಮಾನಿ ಬರೆದಿದ್ದ: ‘ತಡ ಎಲ್ಲಿ ಹೋಯ್ತು ಗುರುವೇ? ಇದು ಬೀಟಲ್ಲ, ಗಡಿಯಾರ.’

ಹುಡುಗ ಬೇಸರದಲ್ಲಿ ಮೈಕನ್ನು ಭಾವನ ಮುಂದಿಟ್ಟ. “ಹೋಗ್ಲಿ ಭಾವ, ನಿಮ್ಮ ಗೊಣಗಾಟವಾದ್ರೂ ಕೊಡಿ.”

ಹೆಂಡತಿ ಪೆಡಲ್ ತುಳಿದಳು. ಟಕ್ ಟಕ್ ಟಕ್ ಟಕ್. ಗಡಿಯಾರಪ್ಪ ಬಾಯಿ ತೆರೆದ. ಗೊಣಗಲು ಏನೂ ಇರಲಿಲ್ಲ.