ಜೀನ್ಸ್ ತೊಟ್ಟ ದೋಣಿ

ವನಿತಾ: ನೀರಾಗೆ ಓಡಾ ದೋಣಿಗೆ ಯಾರಾನ ಪ್ಯಾಂಟಿನ ಬಟ್ಟೆ ಹಾಕ್ತಾರೇನ್ರೀ?

ಓಬುಲೇಶ: ಪ್ಯಾಂಟಿನ ಬಟ್ಟಿ ಅನಬ್ಯಾಡ. ಇದು ದಪ್ಪ ಡೆನಿಮ್ಮು. ಎತ್ತು ಜಗ್ಗಿದ್ರೂ ಹರಿಯಂಗಿಲ್ಲ. ಒಳಗ ಸೈಕಲ್ ಟ್ಯೂಬಿನ ಲೈನಿಂಗ್ ಬ್ಯಾರೆ ಕೊಟ್ಟೀನಿ.

ವನಿತಾ: ಜೇಬು ಮಡಗಿಲ್ವಾ?

ಓಬುಲೇಶ: ನಗು, ನಗು. ದೋಣಿ ಓಡಲಿ, ಆಮ್ಯಾಗ ನಿಮ್ಮ ಮಂದೀನ ನನಗ ಹಾರ ಹಾಕ್ತಾರ.

ರಾಯದುರ್ಗದ ಜೀನ್ಸ್ ಕಾರ್ಖಾನೆಯೊಂದರಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ಓಬುಲೇಶ ಹೆಂಡತಿ ವನಿತಾಳೊಡನೆ ಮಡಕಶಿರದ ಮಾವನ ಮನೆಗೆ ಬಂದದ್ದು ಹಬ್ಬಕ್ಕಲ್ಲ, ದೋಣಿಗೆ. ಅವನ ಭಾವಮೈದ ಗೋವರ್ಧನ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಊರವರ ಅಂಗಿಗಳಿಗೆಲ್ಲ ಇಸ್ತ್ರಿ ಹಾಕಿ ಹಾಕಿ ತಾನೇ ಸುಕ್ಕಾಗಿದ್ದ. ಕಾಲುವೆ ನೀರು ಬಂದು ಊರ ಕೆರೆ ತುಂಬಿತು ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಕೆಲಸ ಬಿಟ್ಟು, ಯಾವುದೋ ರೆಸಾರ್ಟಿನವರು ಮೂಲೆಗೆ ತಳ್ಳಿದ್ದ ಮೋಟಾರು ದೋಣಿಯೊಂದನ್ನು ಲಾರಿಗೆ ಹೇರಿಕೊಂಡು ಬಂದುಬಿಟ್ಟ. ಕೆರೆಯಲ್ಲಿ ಜನರನ್ನು ಸುತ್ತಾಡಿಸಿ ಊರಲ್ಲೇ ಬದುಕುವ ಆಸೆ ಅವನದು.

ಆ ದೋಣಿಯ ಇಂಜಿನ್ನು ಒಳಗೆ. ಫ್ಯಾನು ತಿರುಗಿಸುವ ಕಬ್ಬಿಣದ ಕಾಲು ಹೊರಗೆ, ನೀರಿನಲ್ಲಿ. ಎರಡನ್ನೂ ಸೇರಿಸುವ ಕೀಲಿಗೆ ನೀರು ತಾಗದ ಹಾಗೆ, ಹಾರ್ಮೋನಿಯಂ ತಿದಿಯಂತೆ ಮಡಿಕೆ ಮಡಿಕೆಯಾಗಿ ಹಿಗ್ಗಿ ಕುಗ್ಗುವ ರಬ್ಬರಿನ ತೋಳೊಂದು ಇರುತ್ತದೆ. ಅದು ಹರಿದಿತ್ತು. ಹೊಸದಕ್ಕೆ ಬೆಂಗಳೂರಿಗೆ ಹೇಳಿ ಕಳಿಸಿದ್ದರೂ ಪಾರ್ಸೆಲ್ಲಿನ ಪತ್ತೆಯಿಲ್ಲ. ಇವತ್ತು ಮಧ್ಯಾಹ್ನವೇ ನೀರಾವರಿ ಇಲಾಖೆಯ ಸಹಾಯಕ ಇಂಜಿನಿಯರ್, ಏಇ ಸಾಹೇಬರು, ಅನುಮತಿ ಕೊಡುವ ಮುನ್ನ ದೋಣಿಯಲ್ಲಿ ಒಂದು ಸುತ್ತು ಹೊಡೆದು ನೋಡುವವರಿದ್ದರು. ಅವರ ಬೂಟು ಒದ್ದೆಯಾಯಿತೋ, ಗೋವರ್ಧನನಿಗೆ ಮತ್ತೆ ಬೆಂಗಳೂರು ಬಸ್ಸು, ಮತ್ತೆ ಇಸ್ತ್ರಿಪೆಟ್ಟಿಗೆ. ಅವನು ಸಾಹೇಬರನ್ನು ಕರೆತರಲು ಬೈಕ್ ಹತ್ತಿದ ಗಳಿಗೆಯಲ್ಲಿ ಓಬುಲೇಶ ಎದೆ ತಟ್ಟಿಕೊಂಡು, “ನೀ ಹೋಗಿ ಬಾ, ನಾ ಅದೀನಿ” ಎಂದುಬಿಟ್ಟಿದ್ದ. ಈಗ ಕೆರೆದಂಡೆಯ ಮನೆಯಂಗಳದಲ್ಲಿ ದೋಣಿ ಅಂಗಾತ ಬಾಯಿ ತೆರೆದುಕೊಂಡು ಅವನನ್ನೇ ನೋಡುತ್ತಿತ್ತು.

ವನಿತಾ: ಅಳಿಯ ಅಂದ್ರೆ ಬರೀ ಅಳೆಯೋನು ಅಂತ ಈಗ ಗೊತ್ತಾಯ್ತು. ಟೇಪು ಹಿಡ್ದು ಬೆಳಗ್ಗಿಂದ ದೋಣಿ ಸೊಂಟ ಅಳೀತಾನೇ ಇದ್ದೀರ.

ಓಬುಲೇಶ: ಅಳತಿ ಸರಿ ಇದ್ರ ಎಲ್ಲಾ ಸರಿ. ನೋಡಿಲ್ಲಿ, ಡಬಲ್ ಹೊಲಿಗಿ. ಮಡಿಕಿ ಎಷ್ಟು ಚಂದ ಕುಂತಾವ!

ಆಗ ಅತ್ತೆ ಕಾಟಮ್ಮ ಹಿತ್ತಲ ಕಡೆಯಿಂದ ಬಂದಳು. ತಲೆಯ ಮೇಲೆ ರೇಷ್ಮೆ ಸೊಪ್ಪಿನ ದೊಡ್ಡ ಕುಕ್ಕೆ. ಸೊಪ್ಪು ಹಣೆಯವರೆಗೂ ಇಳಿಬಿದ್ದು ಮುಖವೇ ಕಾಣುತ್ತಿರಲಿಲ್ಲ. ಅತ್ತೆಯಾದವಳು ಅಳಿಯನೊಡನೆ ನೇರವಾಗಿ ಮಾತಾಡಬಾರದು ಎಂಬುದು ಆ ಮನೆತನದ ಪದ್ಧತಿ. ಮದುವೆಯಾದಂದಿನಿಂದ ಅವಳ ಮಾತೆಲ್ಲ ಕಂಬಕ್ಕೋ ಮಗಳಿಗೋ ತಾಗಿ ಪುಟಿದೇ ಓಬುಲೇಶನ ಕಿವಿಗೆ ಬರುತ್ತಿತ್ತು. ‘ಒಂದು ಸಲ ನನ್ನ ಮುಖ ನೋಡಿ ಬೈದರೂ ಸಾಕು’ ಎಂದು ಅವನು ಒಳಗೊಳಗೇ ಹಂಬಲಿಸುತ್ತಿದ್ದ.

ಕಾಟಮ್ಮ (ಕಂಬದ ಕಡೆ ತಿರುಗಿ): ಮುದ್ದೆ ಆರೋಗ್ತೈತೆ ಅಂತ ಹೇಳಮ್ಮಿ ನಿನ್ ಗಂಡಂಗೆ.

ಓಬುಲೇಶ: ಕಂಬಕ್ಕ ಹಸಿವಿಲ್ಲಂತ ಹೇಳು. ಪಾರ್ಸೆಲ್ ಏನರ ಬಂತೇನು ಕೇಳು ಮೊದ್ಲು.

ವನಿತಾ: ಅಮ್ಮ, ಗೋವರ್ಧನನ ದೋಣಿ ಸಾಮಾನು ಏನಾನ ಬಂತಾ?

ಕಾಟಮ್ಮ: ದೋಣಿದು ಯಾವ್ದೂ ಬಂದಿಲ್ಲ ಕಣಮ್ಮಿ. ಬಂದಿದ್ರೆ ನಾನ್ಯಾಕೆ ಮುಚ್ಚಿಟ್ಕಳ್ಳಾನ?

ಕುಕ್ಕೆಯನ್ನು ಹೊತ್ತುಕೊಂಡೇ ಅವಳು ರೇಷ್ಮೆ ಹುಳದ ಮನೆಯೊಳಗೆ ನುಗ್ಗಿದಳು.

ವನಿತಾ: ತನ್ನಿ ನೀವು ಹೊಲ್ದಿರೋ ತೋಳು. ನಾನು ಚೆಕಿಂಗ್ ಮಾಡ್ತೀನಿ.

ಓಬುಲೇಶ ಅರೆಮನಸ್ಸಿನಿಂದ ತೋಳನ್ನು ಚಾಚಿದ. ವನಿತಾ ಮದುವೆಗೆ ಮುಂಚೆ ಬೆಂಗಳೂರಿನಲ್ಲಿ ಚೆಕಿಂಗ್ ಟೇಬಲ್ಲಿಗೆ ನಿಂತವಳು. ತಾಳಿ ಕಟ್ಟುವಾಗಲೂ ಗಂಟಿನಲ್ಲಿ ಬಿಡಿ ದಾರ ನೇತಾಡುತ್ತಿದೆಯೇ ಎಂದು ಕಣ್ಣಂಚಿನಲ್ಲಿ ನೋಡಿದವಳು. ಅವಳು ನೀಲಿ ತೋಳಿನ ಒಂದು ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ, ಇನ್ನೊಂದು ಬಾಯಿಗೆ ಚೆಂಬಿನಿಂದ ನೀರು ಸುರಿದಳು. ಒಂದು ಕ್ಷಣ ಏನೂ ಆಗಲಿಲ್ಲ. ಓಬುಲೇಶ ಮೀಸೆಗೆ ಕೈ ಹಾಕಿದ. ಆಮೇಲೆ ಹೊಲಿಗೆಯುದ್ದಕ್ಕೂ, ಸೂಜಿ ಚುಚ್ಚಿದಲ್ಲೆಲ್ಲ, ಒಂದೊಂದೇ ಹನಿ ಇಣುಕಿ ಕೆಳಗಿಳಿಯತೊಡಗಿತು.

ವನಿತಾ: ಸೂಜಿ ಹೋದ ಕಡೆಗೆಲ್ಲ ತೂತು ಬೀಳ್ತೈತೆ ಅಂತ ಮಾಸ್ಟ್ರಿಗೆ ಯಾರೂ ಹೇಳ್ಕೊಟ್ಟಿಲ್ವಾ? ಟ್ಯೂಬೂ ಸೇರಿಸಿ ಹೊಲ್ದಿದ್ದೀರಲ್ಲ!

ಓಬುಲೇಶ: ಪ್ಯಾಂಟ್ ಹೊಲಿಯೋರಿಗೆ ನೀರಿನ ಚಿಂತಿ ಎಲ್ಲಿರ್ತೈತಿ?

ವನಿತಾ: ಗಟ್ಟಿಯಾಗ್ಲಿ ಅಂತ ಡಬಲ್ ಹೊಲಿಗೆ ಹಾಕಿದ್ರಿ. ತೂತೂ ಡಬಲ್ಲಾಯ್ತು.

ಓಬುಲೇಶ: ಮ್ಯಾಲ ಮೇಣ ಬಳದ್ರ?

ವನಿತಾ: ಬಳೀರಿ. ಸಾಹೇಬ್ರಿಗೂ ಒಂದು ಚೆಂಬು ಕೊಟ್ಟು ಕೂರ್ಸಾನ. ಅವ್ರು ನೀರು ಮೊಗೀತಿರ್ಲಿ, ನೀವು ಅಳತೆ ತಗಳ್ರಿ.

ಓಬುಲೇಶನಿಗೆ ನಗು ಬರಲಿಲ್ಲ. ಭಾವಮೈದ ಹೊರಡುವ ಮುನ್ನ ಎಷ್ಟು ಸಲ ದೋಣಿಯ ಬೆನ್ನು ಸವರಿದ್ದ ಎಂಬುದನ್ನು ಅವನು ನೋಡಿದ್ದ. ಜೋತುಬಿದ್ದ ನೀಲಿ ತೋಳನ್ನು ಹಿಂಡುತ್ತ ಕೂತ.

ಕಾಟಮ್ಮ ಹುಳದ ಮನೆಯಿಂದ ಖಾಲಿ ಕುಕ್ಕೆಯನ್ನು ಕಂಕುಳಲ್ಲಿ ಇರುಕಿಕೊಂಡು ಹೊರಬಂದಳು. ಈಗ ತಲೆಯ ಮೇಲೆ ಸೊಪ್ಪಿರಲಿಲ್ಲ. ಬರೀ ಸಿಂಬೆ ಇತ್ತು. ಕುಕ್ಕೆ ಜಾರದಂತೆ ನಡುವೆ ಇಟ್ಟುಕೊಳ್ಳುವ ಸಿಂಬೆಯನ್ನು ಊರ ಹೆಂಗಸರೆಲ್ಲ ಹಳೇ ಸೀರೆ ಸುತ್ತಿ ಮಾಡುತ್ತಾರೆ. ಇದು ಕರ್ರಗೆ ಮಿರಮಿರ ಮಿಂಚುತ್ತಿತ್ತು. ಮಡಿಕೆ ಮಡಿಕೆಯಾಗಿತ್ತು.

ಗಂಡಹೆಂಡಿರಿಬ್ಬರೂ ಎದ್ದು ನಿಂತರು.

ವನಿತಾ: ಅಮ್ಮಾ, ತಲೆ ಮ್ಯಾಲೆ ಏನದು?

ಕಾಟಮ್ಮ: ಸಿಂಬೆ ಕಣಮ್ಮಿ. ಬಟ್ಟೆ ಸಿಂಬೆ ಸೊಪ್ಪಿನ ನೀರು ಕುಡ್ದು ಜಾರ್ತೈತೆ, ಒಳ್ಳೇದೊಂದು ಕೊಡ್ಸಪ್ಪ ಅಂತ ಗೋವರ್ಧನಂಗೆ ಹೇಳಿದ್ದೆ. ಬೆಂಗಳೂರು ಬಸ್ಸಿನಾಗೆ ತರಿಸವ್ನೆ, ಮಗ.

ವನಿತಾ: ಅಯ್ಯೋ, ಅದು ದೋಣಿದು! ಪಾರ್ಸೆಲ್ ಬಂತಾ ಅಂತ ಕೇಳಿದ್ನಲ್ಲ!

ಕಾಟಮ್ಮ: ದೋಣಿದು ಬಂತಾ ಅಂದೆ. ಸಿಂಬೆ ಬಂತಾ ಅಂತ ಕೇಳಿದ್ಯಾ?

ಓಬುಲೇಶ: ಅತ್ತಿಯೋರು ನನ್ನ ಕೂಡ ಮಾತಾಡಿದ್ರ ಮುಂಜಾನೀನ ಗೊತ್ತಾಗ್ತಿತ್ತು. ಕಂಬಕ್ಕ ಎಲ್ಲಾ ಗೊತ್ತೈತಿ, ಹೇಳವಲ್ದು.

ವನಿತಾ: ಕೊಡಮ್ಮ, ಸಾಹೇಬ್ರು ಬರೋ ಹೊತ್ತಾಯ್ತು.

ಕಾಟಮ್ಮ ಎರಡೂ ಕೈಯಿಂದ ತಲೆಯನ್ನು ಅವುಚಿಕೊಂಡಳು.

ಕಾಟಮ್ಮ: ಹುಳ ಕಡೇ ಜ್ವರ ಎದ್ದವೆ, ಪೊರೆ ಬಿಟ್ಟಿದ್ದೇ ತಡ ಹಾಕಿದ್ ಸೊಪ್ಪು ಹಾಕ್ದಂಗೆ ತಿಂತವೆ. ಇನ್ನೂ ಎಷ್ಟು ಕುಕ್ಕೆ ಹೊರಬೇಕೋ. ಬರೀ ತಲೇಲಿ ಹೊರ್ಲಾ?

ವನಿತಾ: ಹಂಗಾರೆ ಮಗ ಬೆಂಗಳೂರಿಗೆ ಹೋಗ್ಲಿ ಬಿಡು. ಸಿಂಬೆ ನಿನ್ ತಾವೇ ಇರ್ಲಿ.

ಕಾಟಮ್ಮನ ಕೈ ಸಡಿಲವಾಯಿತು. ಸಿಂಬೆಯನ್ನು ತೆಗೆದು ಮಗಳಿಗೆ ಕೊಟ್ಟು, ಸೆರಗಿನಿಂದ ನೆತ್ತಿ ಸವರಿಕೊಂಡಳು. ಆ ಬರಿದಾದ ನೆತ್ತಿಯನ್ನು ನೋಡಿ ಓಬುಲೇಶನಿಗೆ ಏನನ್ನಿಸಿತೋ, ಕೈಯಲ್ಲಿದ್ದ ಒದ್ದೆ ಡೆನಿಮ್ ತೋಳನ್ನು ಅದುಮಿ ಚಕ್ಕುಲಿಯಂತೆ ಚಪ್ಪಟೆ ಮಾಡಿ ಹೆಂಡತಿಯ ಕಡೆ ಚಾಚಿದ.

ಓಬುಲೇಶ: ಇದನ್ನ ಇಟ್ಟು ನೋಡ್ರಿ ಅಂತ ಹೇಳು. ಸೋರಿದ್ರ ಸೋರ್ಲಿ, ತಲಿ ಏನು ಮುಳುಗಂಗಿಲ್ಲ.

ಕಾಟಮ್ಮ ಅನುಮಾನದಿಂದಲೇ ಅದನ್ನು ತಲೆಗಿಟ್ಟಳು. ಮೇಲೆ ಕುಕ್ಕೆ ಇಟ್ಟು ಅತ್ತ ನಡೆದಳು, ಇತ್ತ ನಡೆದಳು, ಸೊಂಟ ಕುಲುಕಿಸಿ ನಿಂತಳು. ಕುಕ್ಕೆ ಅಲುಗಲಿಲ್ಲ.

ಕಾಟಮ್ಮ (ಕಂಬಕ್ಕೆ): ತಣ್ಣಗೈತೆ. ಜಾರಾದೂ ಇಲ್ಲ. ಪರವಾಗಿಲ್ಲ, ಕೈಯಾಗೆ ಕೆಲ್ಸ ಐತೆ.

ಓಬುಲೇಶನ ಕಿವಿಗೆ ಅದು ಕಂಬದ ಮೂಲಕ ಬಂದರೂ ಸಿಹಿಯಾಗಿಯೇ ಬಂತು. ಅವನು ರಬ್ಬರಿನ ಮಡಿಕೆ ಮಡಿಕೆಯನ್ನೂ ಬಿಡಿಸಿ ನೋಡಿದ. ಸೊಪ್ಪಿನ ಹಸಿರು ಹತ್ತಿತ್ತೇ ಹೊರತು ಎಲ್ಲೂ ಬಿರುಕಿರಲಿಲ್ಲ. ಒರೆಸಿ, ಅಂಟು ಬಳಿದು, ಎರಡೂ ಬಾಯಿಗಳನ್ನು ಅವುಗಳ ಜಾಗದಲ್ಲಿ ಕೂರಿಸಿ, ಕ್ಲಿಪ್ಪು ಬಿಗಿದ. ವನಿತಾ ಬೆರಳಾಡಿಸಿ ನೋಡಿ, “ಪಾಸ್” ಎಂದಳು. ಅವಳ ಬಾಯಲ್ಲಿ ಆ ಮಾತನ್ನು ಅವನು ಕೇಳಿದ್ದು ಅದೇ ಮೊದಲು.

ಏಇ ಸಾಹೇಬರು ಬಂದರು, ನೀರಿಗಿಳಿಸಿದ ದೋಣಿ ಹತ್ತಿ ಗೋವರ್ಧನನ ಜೊತೆ ಕೆರೆಯಲ್ಲಿ ದೊಡ್ಡದೊಂದು ಸುತ್ತು ಹೊಡೆದರು, ದಂಡೆಗಿಳಿದು ತಮ್ಮ ಬೂಟು ನೋಡಿಕೊಂಡರು. ಹನಿ ನೀರೂ ತಾಗಿರಲಿಲ್ಲ. ಗೋವರ್ಧನ ಉಸಿರು ಬಿಟ್ಟ.

ಏಇ: ಬಾಗುಂದಿ, ಚೆನ್ನಾಗಿದೆ. ಆದ್ರೆ ಈ ರಬ್ಬರು ಯಾವಾಗ ಬೇಕಾದ್ರೂ ಹರೀಬಹುದು. ಸ್ಪೇರ್ ಇದೆಯೇನಪ್ಪ?

ಗೋವರ್ಧನ ಭಾವನ ಕಡೆ ನೋಡಿದ. ಓಬುಲೇಶ ಧೈರ್ಯವಾಗಿ ಮುಂದೆ ಬಂದ.

ಓಬುಲೇಶ: ಐತ್ರಿ ಸಾರ್. ನಾನ ಹೊಲ್ದೀನಿ. ಸದ್ಯಕ್ಕ ಅಲ್ಲಿ ಟೆಸ್ಟಿಂಗ್‌ನಾಗ ಐತಿ.

ಅಂಗಳದಲ್ಲಿ ಡೆನಿಮ್ ಸಿಂಬೆ ತಲೆಗಿಟ್ಟು ನಿಂತಿದ್ದ ಅತ್ತೆಯತ್ತ ಕೈ ಚಾಚಿ ಅವಳ ತಲೆ ತೋರಿಸಿದ. ಕಾಟಮ್ಮ ಕಂಬ ಎಲ್ಲಿದೆಯೆಂದು ಹುಡುಕಲಿಲ್ಲ. ಹಾವು ಕಂಡವಳ ಹಾಗೆ ಹಿಂದಕ್ಕೆ ಹಾರಿ, ಅಳಿಯನ ಮುಖವನ್ನೇ ದಿಟ್ಟಿಸಿ ಗದರಿದಳು:

ಕಾಟಮ್ಮ: ಅಳಿಯಂದ್ರೇ, ಕೈ ತೆಗೀರಿ! ದೋಣಿಗೆ ಬೇಕಾರೆ ಇನ್ನೊಂದು ಹೊಲ್ಕಳ್ರಿ. ಇದನ್ನ ಮುಟ್ಟಿದ್ರೆ ನೆಟ್ಟಗಿರಲ್ಲ!

ಕಾಟಮ್ಮ ನಾಲಿಗೆ ಕಚ್ಚಿಕೊಂಡು ಸೆರಗು ಎಳೆದುಕೊಂಡಳು.

ಓಬುಲೇಶ (ಮುಖವರಳಿಸಿ, ಕಂಬದ ಕಡೆ ತಿರುಗಿ): ನೀ ಇನ್ನ ಆರಾಮ ಇರಪಾ. ಅತ್ತಿಯೋರು ನನ್ನ ಕೂಡನ ಜಗಳಕ್ಕ ಬಿದ್ದಾರ.