ಲೆನ್ಸಿಗೆ ಒಂದು ಗೀರೂ ಬೀಳಲಿಲ್ಲ

ನಾನು ಕ್ಯಾಮರಾ ಕೊಂಡಾಗ ಮನೆಯಲ್ಲಿ ಯಾರಿಗೂ ಸೋಜಿಗವಾಗಲಿಲ್ಲ. ಅದರ ಜೊತೆಗೆ ತಂದ ಸಾಮಾನು ನೋಡಿ ಎಲ್ಲರಿಗೂ ಆಯಿತು.

ಲೆನ್ಸಿನ ಮುಂದೆ ತಿರುಗಿಸಿ ಕೂರಿಸುವ ಗಾಜಿನ ಫಿಲ್ಟರ್, ಅದರ ಮುಂದೆ ಕೊಳವೆಯಂತೆ ಚಾಚಿಕೊಳ್ಳುವ ಹುಡ್, ಮೈಗೆ ರಬ್ಬರ್ ಕವರ್, ಹಿಂದಿನ ಪರದೆಗೆ ಅಂಟಿಸುವ ಗಾಜು, ಮುಚ್ಚಳ ಕಳೆಯದಂತೆ ಕಟ್ಟುವ ದಾರ!

"ಏನ್ರೀ ಇದು? ನಮ್ ಮಗು ಹುಟ್ದಾಗ್ಲೂ ನೀವು ಇಷ್ಟು ಬಟ್ಟೆ ತಂದಿರ್ಲಿಲ್ಲ" ಎಂದಳು ಹೆಂಡತಿ ಮಂಜುಳಾ.

ನಾನು ಚಾಮರಾಜನಗರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಷ್ಟ್ರು. ಯಾವ ಪ್ರಶ್ನೆಗೂ ಉತ್ತರವಿಲ್ಲದೆ ನಿಂತವನಲ್ಲ. "ಲೆನ್ಸು ಅಂದ್ರೆ ಕಣ್ಣು ಕಣೆ. ಕಣ್ಣಿಗೆ ರೆಪ್ಪೆ ಬೇಡ್ವಾ?" ಎಂದೆ.

"ಒಂದ್ ಕಣ್ಣಿಗೆ ಐದು ರೆಪ್ಪೆನಾ?"

ನಮ್ಮ ಬೀದಿಯಲ್ಲಿ ಗಡಿಯಾರ, ಕ್ಯಾಮರಾ ರಿಪೇರಿ ಮಾಡುವ ರಫೀಕ್ ಸಾಹೇಬರೂ ಬುದ್ಧಿ ಹೇಳಲು ಬಂದರು. "ಮೇಷ್ಟ್ರೇ, ಫಿಲ್ಟರ್ ಇರ್ಲಿ. ಹುಡ್ ಮಾತ್ರ ಬಿಸಿಲಿಗೆ ಹಾಕ್ಕೊಳ್ಳಿ. ಒಳಗಡೆ ಫ್ಲಾಶ್ ಹೊಡೆಯುವಾಗ..." ನಾನು ಅವರನ್ನು ಮುಗಿಸಲು ಬಿಡಲಿಲ್ಲ. ಧೂಳು, ತೇವ ಮತ್ತು ಗೀರುಗಳ ಕುರಿತು ಇಪ್ಪತ್ತು ನಿಮಿಷ ಪಾಠ ಮಾಡಿದೆ. ಕೈಯಲ್ಲಿದ್ದ ಗಡಿಯಾರ ಬಿಚ್ಚಿ, ಮತ್ತೆ ಜೋಡಿಸಿ, ಅವರು ಹೇಳಿದರು: "ಸರಿ ಮೇಷ್ಟ್ರೇ."

ಗೆದ್ದೆ!

ಪರದೆಯ ಗಾಜು ಅಂಟಿಸುವಾಗ ಅಡಿಯಲ್ಲಿ ಏಳೆಂಟು ಗಾಳಿಗುಳ್ಳೆ ಸಿಕ್ಕಿಕೊಂಡವು. ಇರಲಿ, ರಕ್ಷಣೆ ಮುಖ್ಯ.

ಅಷ್ಟರಲ್ಲಿ ಗುಂಡ್ಲುಪೇಟೆಯಿಂದ ಮಂಜುಳಾಳ ತಮ್ಮ ಮಹದೇವಸ್ವಾಮಿಯ ಫೋನು. ಮಗಳು ಕಾವ್ಯಳಿಗೆ ಬದನಗುಪ್ಪೆಯ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗ ಗೊತ್ತಾಗಿದ್ದ. ಭಾನುವಾರ ನಿಶ್ಚಿತಾರ್ಥ. "ಸ್ಟುಡಿಯೋದವ್ರಿಗೆ ಯೋಳ್ಬುಡ್ಲಾ ಭಾವ?" ಎಂದು ಕೇಳಿದ.

"ನಾನಿರುವಾಗ ಸ್ಟುಡಿಯೋ ಯಾಕಪ್ಪ?" ಎಂದೆ. ನನ್ನ ಕಂಠದಲ್ಲಿದ್ದ ಧೈರ್ಯ ಕೇಳಿ ಪಾಪ, ಅವನೂ ನಂಬಿದ.

ಭಾನುವಾರ ಬೆಳಿಗ್ಗೆ ಗುಂಡ್ಲುಪೇಟೆಯ ಸಮುದಾಯ ಭವನದಲ್ಲಿ ಮೊದಲು ಒಂದು ಪ್ರಕಟಣೆ ಹೊರಡಿಸಿದೆ: "ಯಾರೂ ಫೋನಿನಲ್ಲಿ ಫೋಟೋ ತೆಗೆಯಬಾರದು. ಮುಖ್ಯ ಛಾಯಾಗ್ರಹಣಕ್ಕೆ ಅಡಚಣೆಯಾಗುತ್ತದೆ." ಎಲ್ಲರೂ ವಿಧೇಯರಾಗಿ ಫೋನು ಜೇಬಿಗಿಟ್ಟರು. ಹುಡುಗನ ಸೋದರತ್ತೆಯೊಬ್ಬರು ಮಾತ್ರ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಫೋನು ಕೈಯಲ್ಲೇ ಹಿಡಿದುಕೊಂಡರು.

ಹುಡುಗಿ ಬಂದು ಕುಳಿತಳು. ಕ್ಯಾಮರಾಕ್ಕೆ ಕಣ್ಣಿಟ್ಟೆ. ಕಗ್ಗತ್ತಲು!

"ಕರೆಂಟ್ ಹೋಯ್ತಾ?" ಎಂದು ಕೂಗಿದೆ.

"ಮಾವಾ, ಮುಚ್ಚಳ!" ಎಂದಳು ಕಾವ್ಯ.

ಸಭೆ ನಕ್ಕಿತು. ಮುಚ್ಚಳ ತೆಗೆದೆ. ಅದು ದಾರದಲ್ಲಿ ಜೋಲಾಡುತ್ತ, ನಾನು ಹತ್ತಿರದ ಚಿತ್ರಕ್ಕೆ ಬಗ್ಗಿದಾಗ ಆರತಿ ತಟ್ಟೆಯ ಕೆಂಪು ನೀರಿಗೆ ಇಳಿಯಿತು. ಎದ್ದಾಗ ನನ್ನ ಬಿಳಿ ಅಂಗಿಗೆ ಬಡಿಯಿತು. ಆಮೇಲೆ ಬಂದ ನೆಂಟರಲ್ಲಿ ಇಬ್ಬರು, "ಯಾಕ್ ಸಾ, ಬಿದ್ಬುಟ್ರಾ? ಡಾಕ್ಟ್ರ ತವ ಓಗನ ಬನ್ನಿ" ಎಂದು ಕಾಳಜಿಯಿಂದ ಕೇಳಿದರು.

ಭವನದ ಒಳಗೆ ಬೆಳಕು ಕಡಿಮೆ. ಫ್ಲಾಶ್ ಎಬ್ಬಿಸಿ ಕ್ಲಿಕ್ಕಿಸತೊಡಗಿದೆ. ಪ್ರತಿ ಚಿತ್ರದ ಕೆಳಗಡೆ ಕಪ್ಪಗೆ ಏನೋ ಕಂಡಂತಾಯಿತು. ಪರದೆಯ ಗಾಜಿನಡಿಯ ಆ ಗುಳ್ಳೆಗಳದ್ದೇ ಕಿತಾಪತಿ ಎಂದು ತೀರ್ಮಾನಿಸಿದೆ. ಉಂಗುರ ತೊಡಿಸುವಾಗ ಒಂದೇ ಉಸಿರಿಗೆ ಹದಿನೆಂಟು ಚಿತ್ರ ತೆಗೆದೆ. ಮಂಜುಳಾ ಕೂಡ ಹೆಮ್ಮೆಯಿಂದ ನೋಡಿದಳು. ಆ ನೋಟ ನಾನು ಬಹಳ ವರ್ಷಗಳಿಂದ ಕಂಡಿರಲಿಲ್ಲ!

ಅದೇ ಖುಷಿಯಲ್ಲಿ ವೇದಿಕೆಯಿಂದ ಹಿಂದುಹಿಂದಕ್ಕೆ ಇಳಿಯುವಾಗ ಮೆಟ್ಟಿಲು ತಪ್ಪಿತು. ನಾನು ಒಂದು ಕಡೆ, ಕ್ಯಾಮರಾ ಒಂದು ಕಡೆ, ಹುಡ್ ಉರುಳಿಕೊಂಡು ಊಟದ ಸಾಲಿನ ಕಡೆ. ಫಿಲ್ಟರ್ ಚೂರುಚೂರಾಗಿತ್ತು. ಅದರ ಅಂಚು ನೆಗ್ಗಿ ಲೆನ್ಸಿಗೇ ಕಚ್ಚಿಕೊಂಡಿತ್ತು.

ಮರುದಿನ ರಫೀಕ್ ಸಾಹೇಬರು ಅರ್ಧ ಗಂಟೆ ಉಸಿರು ಬಿಗಿಹಿಡಿದು ಅದನ್ನು ಬಿಡಿಸಿದರು. ಚೂರುಗಳನ್ನು ಊದಿ, ಲೆನ್ಸನ್ನು ದೀಪಕ್ಕೆ ಹಿಡಿದರು. "ಒಂದು ಗೀರೂ ಇಲ್ಲ ಮೇಷ್ಟ್ರೇ. ಫಿಲ್ಟರ್ ಕಾಪಾಡಿದೆ."

"ಕೇಳ್ದೇನೆ?" ಎಂದೆ, ಪಕ್ಕದಲ್ಲಿದ್ದ ಮಂಜುಳಾಗೆ. ಅಂಗಡಿಯ ಮುಂದೆ ಹೋಗುತ್ತಿದ್ದ ಇಬ್ಬರಿಗೂ ಹೇಳಿದೆ. ವಿಜ್ಞಾನ ಗೆದ್ದಿತ್ತು!

ಸಂಜೆ ಮಹದೇವಸ್ವಾಮಿ, ಕಾವ್ಯ ಚಿತ್ರ ನೋಡಲು ಬಂದರು. ರಫೀಕ್ ಸಾಹೇಬರನ್ನೂ ಕರೆದಿದ್ದೆ. ಕಂಪ್ಯೂಟರ್ ತೆರೆದೆ. ಪ್ರತಿ ಚಿತ್ರದ ಕೆಳಭಾಗದಲ್ಲೂ ಅರ್ಧಚಂದ್ರಾಕಾರದ ದಟ್ಟ ಕಪ್ಪು! ಹುಡುಗ ಹುಡುಗಿಯ ಮುಖಗಳು ಬೆಳಗುತ್ತಿದ್ದವು. ಎದೆಯಿಂದ ಕೆಳಗೆ ಅಮಾವಾಸ್ಯೆ.

"ಉಂಗುರ ಎಲ್ಲಿ ಮಾವ?" ಎಂದಳು ಕಾವ್ಯ. ಹದಿನೆಂಟು ಚಿತ್ರಗಳಲ್ಲೂ ಹುಡುಕಿದೆವು. ಉಂಗುರ ಹಾಗಿರಲಿ, ಕೈಗಳೇ ಇರಲಿಲ್ಲ. ಅವಳ ಕಣ್ಣು ತುಂಬಿತು.

ಸಾಹೇಬರು ಮೆಲ್ಲಗೆ ಹೇಳಿದರು: "ಫ್ಲಾಶ್ ಮೇಲಿರುತ್ತೆ ಮೇಷ್ಟ್ರೇ, ಹುಡ್ ಅದರ ಬೆಳಕಿಗೆ ಅಡ್ಡ ನಿಲ್ಲುತ್ತೆ. ಇದು ಹುಡ್‌ನ ನೆರಳು. ಅವತ್ತು ಅದನ್ನೇ ಹೇಳೋಕೆ ಬಂದಿದ್ದೆ."

"ಮಾವ, ನೀವು ಸ್ಕೂಲಲ್ಲಿ ಈಗ ಯಾವ ಪಾಠ ಮಾಡ್ತಿದ್ದೀರಿ?" ಎಂದಳು ಕಾವ್ಯ, ಕಣ್ಣೊರೆಸಿಕೊಳ್ಳುತ್ತ.

ಬೆಳಕು ಮತ್ತು ನೆರಳು.

ಪುಣ್ಯಕ್ಕೆ ಹುಡುಗನ ಆ ಸೋದರತ್ತೆ ಫೋನಿನಲ್ಲಿ ತೆಗೆದ ನಾಲ್ಕು ಚಿತ್ರ ಕಳಿಸಿದರು. ಒಂದರಲ್ಲಿ ಉಂಗುರ ಸ್ಪಷ್ಟವಾಗಿ ಹೊಳೆಯುತ್ತಿತ್ತು. ಉಳಿದ ಮೂರರಲ್ಲಿ ನನ್ನ ಬೆನ್ನಿತ್ತು. ಕಾವ್ಯ ಆ ಒಂದನ್ನು ದೊಡ್ಡದು ಮಾಡಿಸಿ ಗೋಡೆಗೆ ಹಾಕಿಕೊಂಡಳು.

ಇಷ್ಟಾದರೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಕ್ಯಾಮರಾಕ್ಕೆ ರಕ್ಷಣೆ ಬೇಕೇ ಬೇಕು. ಫೋಟೋಗಳಿಗೆ ನನ್ನಿಂದ ರಕ್ಷಣೆ ಬೇಕೆಂಬುದು ಬೇರೆ ವಿಷಯ.

ಮದುವೆಗೆ ಮಹದೇವಸ್ವಾಮಿ ನನ್ನನ್ನು ಕೇಳದೆಯೇ ಸ್ಟುಡಿಯೋದವರನ್ನು ಗೊತ್ತುಮಾಡಿದ. "ಬೇಜಾರ್ ಮಾಡ್ಕಬೇಡಿ ಭಾವ. ನೀವು ಸುಮ್ಕೆ ಬಾಗ್ಲಲ್ಲಿ ನಿಂತ್ಕಂಡು ಬಂದವ್ರಿಗೆ ಪನ್ನೀರು ಚಿಮುಕಿಸ್ಬುಡಿ, ಸಾಕು" ಎಂದ. ಆ ಹೊಣೆಯನ್ನು ಅಚ್ಚುಕಟ್ಟಾಗಿ ನಿರ್ವಹಿಸಿದೆ. ಇಡೀ ಮದುವೆಯಲ್ಲಿ ಪನ್ನೀರು ಕಣ್ಣಿಗೆ ಬಿದ್ದು ಉರಿಯಿಂದ ಕುಣಿದವರು ಒಬ್ಬರೇ.

ಅವರು ಗಂಡಿನ ತಂದೆ.