ಖಾಲಿ ಗೊನೆಯ ರಸಾಯನ

ಕೆಮಿಸ್ಟ್ರಿ ಕಲಿಸಿ ಹೊಟ್ಟೆ ಹೊರೆದವರಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಯಾವ ವಸ್ತುವೂ ಅವರ ಕಣ್ಣಿಗೆ ಅದಾಗಿಯೇ ಕಾಣುವುದಿಲ್ಲ. ಮುಂದೆ ಏನಾಗಬಹುದೋ ಅದಾಗಿ ಕಾಣುತ್ತದೆ. ನನ್ನ ಹೆಂಡತಿ ಗಿರಿಜಾ ಕಿತ್ತಳೆ ಸಿಪ್ಪೆಯನ್ನು ಕಸದ ಬುಟ್ಟಿಗೆ ಹಾಕಲು ಹೊರಟರೆ ನಾನು ಆ ಸಿಪ್ಪೆಯಲ್ಲಿರುವ ತೈಲದ ಮಾತು ತೆಗೆಯುತ್ತೇನೆ. ಅವಳು ಪೂರ್ತಿ ಕೇಳಿಸಿಕೊಂಡು, ಆಮೇಲೆ ಬುಟ್ಟಿಗೆ ಹಾಕುತ್ತಾಳೆ. ನಿವೃತ್ತನಾದ ಮೇಲಂತೂ ರೋಗ ಉಲ್ಬಣಿಸಿದೆ. ಕಾಲೇಜಿನಲ್ಲಾದರೆ ಬೆಲ್ ಹೊಡೆದ ಕೂಡಲೇ ನಿಲ್ಲಿಸುತ್ತಿದ್ದೆ. ವಿನೋಬನಗರದ ನಮ್ಮ ಮನೆಯಲ್ಲಿ ಬೆಲ್ ಹೊಡೆಯುವವರು ಯಾರೂ ಇಲ್ಲ.

ಈ ರೋಗ ನೆಂಟರಿಷ್ಟರಿಗೆಲ್ಲ ತಿಳಿದದ್ದು ಭದ್ರಾವತಿಯಲ್ಲಿ. ಗಿರಿಜಾಳ ತಮ್ಮ ಮಲ್ಲೇಶಿ ಓಲ್ಡ್ ಟೌನ್‌ನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಿದ್ದ. ನಾವು ಊಟಕ್ಕೆ ಕೂತಾಗ ಉಪಚಾರ ಮಾಡುತ್ತಾ ಬಂದವನು ನನ್ನ ಎಲೆಯ ಮುಂದೆ ನಿಂತ. "ಸುತ್ತಮುತ್ತ ಎಲ್ರೂ ಅಡಿಕೆ ಹಾಕಿದಾರೆ ಭಾವ, ನಾನೊಬ್ನೇ ಎಣ್ಣೆ ತಾಳೆ ಹಾಕ್ಕೊಂಡು ಕೂತಿದೀನಿ. ಗೊನೆ ಏನೋ ಫ್ಯಾಕ್ಟರಿಗೆ ಹೋಗುತ್ತೆ. ಆದ್ರೆ ಕಡಿದ ಗರಿ ಇದೆ, ಅಲ್ಲಿ ಹಣ್ಣು ಬಿಡಿಸಿ ವಾಪಸ್ ಕಳಿಸಿದ ಖಾಲಿ ಗೊನೆ ಇದೆ, ರಾಶಿ ಬಿದ್ದಿದೆ. ಬಂದೋರೆಲ್ಲ ಅದನ್ನ ನೋಡಿ ನಗ್ತಾರೆ. ಕಿತ್ತು ಅಡಿಕೆ ಹಾಕೋ ಅಂತಾರೆ" ಎಂದ. ದುರದೃಷ್ಟಕ್ಕೆ ಆಗ ಎರಡನೇ ಸುತ್ತಿನ ಹೋಳಿಗೆ ನನ್ನ ಸಾಲಿಗೆ ಇನ್ನೂ ಬಂದಿರಲಿಲ್ಲ. ಎಲೆ ಖಾಲಿ, ಬಾಯಿಯೂ ಖಾಲಿ.

"ಕಸ ಅಲ್ಲ ಮಾರಾಯ ಅದು, ಭಂಡಾರ!" ಎಂದು ಶುರುಮಾಡಿದೆ. ಗಾಳಿ ಕೊಡದೆ ಸುಟ್ಟರೆ ಇದ್ದಿಲು, ಆ ಹೊಗೆಯನ್ನು ತಣಿಸಿದರೆ ವಿನೆಗರ್ ಜಾತಿಯ ನೀರು, ನಾರನ್ನು ಹುಳಿಸಿದರೆ ವಾಹನಕ್ಕೆ ಹಾಕುವ ಎಥನಾಲ್, ಆಮ್ಲ ಹಾಕಿ ಕಾಯಿಸಿದರೆ ಎಣ್ಣೆಯಂಥ ದ್ರವವಾದ ಫರ್‌ಫ್ಯೂರಲ್, ಅದರಿಂದ ಪ್ಲಾಸ್ಟಿಕ್, ಔಷಧಿ, ಬಣ್ಣ. ಅಕ್ಕಪಕ್ಕದವರು ಅನ್ನ ಕಲಸುವುದನ್ನು ಬಿಟ್ಟು ಕೇಳಿದರು. ನಲವತ್ತು ಹುಡುಗರ ಕ್ಲಾಸಿನಲ್ಲೂ ನನಗೆ ಅಂಥ ನಿಶ್ಶಬ್ದ ಸಿಕ್ಕಿರಲಿಲ್ಲ. ಎದುರು ಸಾಲಿನಿಂದ ಗಿರಿಜಾ ಕಣ್ಣು ಬಿಟ್ಟದ್ದು ಕಂಡಿತು. ಮೆಚ್ಚುಗೆ ಅಂದುಕೊಂಡೆ.

ಮುಂದಿನ ಭಾನುವಾರ ನಮ್ಮ ಗೇಟಿನ ಮುಂದೆ ಲಗೇಜ್ ಆಟೋ ನಿಂತಿತು. ಡ್ರೈವರ್ ರಫೀಕ್ ಇಳಿದು, "ಸಾರ್, ಭದ್ರಾವತಿಯಿಂದ ನಿಮ್ ಸಾಮಾನು. ಎಲ್ಲಿ ಇಳಿಸ್ಲಿ?" ಎಂದ. ತೋಟದಿಂದ ಅಕ್ಕನ ಮನೆಗೆ ಬಂದದ್ದನ್ನು, ಅದು ಬಾಳೆಗೊನೆಯಿರಲಿ ಹಲಸಿರಲಿ, ವಾಪಸ್ ಕಳಿಸುವ ಪದ್ಧತಿ ಗಿರಿಜಾಳ ತವರಿನಲ್ಲಿ ಇಲ್ಲ. ಹಾಗಾಗಿ ಮುಳ್ಳುದಂಟಿನ ಗರಿಗಳೂ ಜಡೆಗಟ್ಟಿದ ಖಾಲಿ ಗೊನೆಗಳೂ ನನ್ನ ಸ್ಕೂಟರ್ ನಿಲ್ಲುವ ಜಾಗದಲ್ಲಿ ಇಳಿದವು. ರಫೀಕ್ ಬೆವರು ಒರೆಸಿಕೊಳ್ಳುತ್ತಾ, "ಇದ್ರಿಂದ ಪೆಟ್ರೋಲ್ ತೆಗೀತೀರಂತೆ, ಹೌದಾ ಸಾರ್?" ಎಂದು ತುಂಬಾ ಆಸೆಯಿಂದ ಕೇಳಿದ.

ಸಂಜೆ ಗಿರಿಜಾ ಹೇಳಿದಳು: "ರೀ, ನಿಮಗೆ ತಮಾಷೆ. ಮಲ್ಲೇಶಿ ಮರ ಕೀಳ್ಸೋಕೆ ಜೆಸಿಬಿಗೆ ಹೇಳಿದ್ದನಂತೆ. ನಿಮ್ಮ ಮಾತು ಕೇಳಿ ನಿಲ್ಲಿಸಿದಾನೆ. ಗೌರಿ ಹಬ್ಬಕ್ಕೆ ಬಾಗಿನ ತರ್ತಾನಲ್ಲ, ಅವತ್ತು ಭಾವ ಏನು ತೋರಿಸ್ತಾರೋ ನೋಡಿ ತೀರ್ಮಾನ ಮಾಡ್ತಾನಂತೆ."  ಇಷ್ಟು ವರ್ಷ ನಾನು ಹೇಳಿದ್ದನ್ನು ನಂಬಿ ಯಾರೂ ಏನನ್ನೂ ಮಾಡಿರಲಿಲ್ಲ, ಹುಡುಗರು ಪರೀಕ್ಷೆ ಬರೆದದ್ದು ಬಿಟ್ಟರೆ. ಈಗ ಒಬ್ಬನ ತೋಟ ನನ್ನ ಹೋಳಿಗೆ ಹೊತ್ತಿನ ಮಾತಿನ ಮೇಲೆ ನಿಂತಿತ್ತು.

ರಾಗಿಗುಡ್ಡದ ಹತ್ತಿರದ ಗುಜರಿ ಅಂಗಡಿಯಿಂದ ಮುಚ್ಚಳವಿರುವ ಡ್ರಮ್ ತಂದೆ. ಮುಚ್ಚಳಕ್ಕೊಂದು ಪೈಪು ಬೆಸುಗೆ ಹಾಕಿಸಿ, ಪೈಪನ್ನು ತಣ್ಣೀರಿನ ಬಕೆಟ್ಟಿನ ಮೂಲಕ ಹಾಯಿಸಿ, ತುದಿಗೆ ಬಾಟಲಿ ಇಟ್ಟೆ. ಹಸಿ ಗೊನೆ ತುಂಬಿ ಬೆಂಕಿ ಹಾಕಿದ್ದೇ ತಪ್ಪು. ಬಾಟಲಿಗೆ ಬರಬೇಕಾದ ಹೊಗೆ ಮುಚ್ಚಳದ ಸಂದಿಯಿಂದ ಎದ್ದು ಇಡೀ ರಸ್ತೆಯ ಒಗೆದ ಬಟ್ಟೆಗಳ ಮೇಲೆ ಕೂತಿತು. ಸ್ವಲ್ಪ ಹೊತ್ತಿಗೆ ಪಕ್ಕದ ಮನೆಯ ಕಮಲಮ್ಮ ಸ್ನಾನ ಮಾಡಿ, ಮಡಿ ಸೀರೆ ಉಟ್ಟು ಬಂದರು. "ಹೋಮ ಇದೆ ಅಂತ ಒಂದು ಮಾತು ಹೇಳೋದಲ್ವಾ ಗಿರಿಜಾ?" ಎನ್ನುತ್ತಾ ಪ್ರಸಾದಕ್ಕೆ ಕಾದು ಕೂತರು. ಗಿರಿಜಾ ಒಳಗೆ ಹೋಗಿ ಬಾಳೆಹಣ್ಣಿಗೆ ಸಕ್ಕರೆ ಬೆರೆಸಿ ತಂದುಕೊಟ್ಟು ಮರ್ಯಾದೆ ಉಳಿಸಿದಳು. ಯಾವ ಹೋಮ ಎಂದು ಅವರು ಕೇಳಿದಾಗ ಮಾತ್ರ, "ಇವರನ್ನೇ ಕೇಳಿ" ಎಂದು ನನ್ನ ಕಡೆ ಕೈ ತೋರಿಸಿದಳು. ಶಾಂತಿ ಹೋಮ ಎಂದೆ.

ಎರಡನೇ ಸಲ ಗೊನೆಗಳನ್ನು ತಾರಸಿಯ ಮೇಲೆ ಚೆನ್ನಾಗಿ ಒಣಗಿಸಿ, ಮುಚ್ಚಳದ ಸಂದಿಗೆ ಮಣ್ಣು ಮೆತ್ತಿ ಸುಟ್ಟೆ. ಬಾಟಲಿಯಲ್ಲಿ ಕಂದು ಬಣ್ಣದ ಹುಳಿವಾಸನೆಯ ನೀರು ಇಳಿಯಿತು. ಪೈಪಿನಲ್ಲಿ ಡಾಂಬರಿನಂಥದ್ದು ಅಂಟಿತು; ಅದನ್ನು ಕೆರೆಯಲು ಹೋಗಿ ಸಾರಿನ ಸೌಟು ಹಾಳಾಯಿತು. ಡ್ರಮ್ಮಿನಲ್ಲಿ ಠಣಠಣ ಎನ್ನುವ ಇದ್ದಿಲು ಉಳಿದಿತ್ತು. ಕಂದು ನೀರಿಗೆ ಬೇಕಾದಷ್ಟು ನೀರು ಬೆರೆಸಿ ತುಳಸಿಕಟ್ಟೆಯ ಸುತ್ತ ಚಿಮುಕಿಸಿದೆ. ಅಲ್ಲಿದ್ದ ಇರುವೆ ಸಾಲು ದಾರಿ ಬದಲಿಸಿ ಕಮಲಮ್ಮನವರ ಅಡಿಗೆಮನೆ ಸೇರಿತು. ಎಥನಾಲ್ ಎಲ್ಲಿ ಎಂದು ಗಿರಿಜಾ ಕೇಳಿದಾಗ ಕಿಣ್ವ, ಒತ್ತಡ, ಉಷ್ಣಾಂಶ, ದೊಡ್ಡ ಕಾರ್ಖಾನೆ ಎಂದೆಲ್ಲ ವಿವರಿಸಿದೆ. "ಅಂದ್ರೆ ಮನೇಲಿ ಬರಲ್ಲ ಅಂತ ತಾನೆ? ಅಷ್ಟಕ್ಕೆ ಇಷ್ಟುದ್ದ ಯಾಕೆ?" ಎಂದಳು.

ಗೌರಿ ಹಬ್ಬದ ಬೆಳಿಗ್ಗೆ ಮೇಜಿನ ಮೇಲೆ ಬಾಟಲಿಗಳನ್ನು ಸಾಲಾಗಿ ಜೋಡಿಸಿ, ಹೆಸರು ಬರೆದು ಅಂಟಿಸಿ, ಹೇಳಬೇಕಾದ್ದನ್ನು ಕನ್ನಡಿಯ ಮುಂದೆ ಒಮ್ಮೆ ಹೇಳಿಕೊಂಡೆ. ಮಲ್ಲೇಶಿ ಬೈಕಿನಲ್ಲಿ ಮಳೆಗೆ ಸಿಕ್ಕಿ, ಬಾಗಿನವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ತಾನು ಮಾತ್ರ ತೊಯ್ದು ತೊಪ್ಪೆಯಾಗಿ ಬಂದ. ಬಾಟಲಿಗಳ ಕಡೆ ತಿರುಗಿಯೂ ನೋಡಲಿಲ್ಲ. "ಮೊದಲು ಸ್ನಾನ ಮಾಡ್ಕೋ ಹೋಗೋ" ಎಂದು ಗಿರಿಜಾ ಅವನನ್ನು ಹಿತ್ತಲ ಬಚ್ಚಲಿಗೆ ಅಟ್ಟಿದಳು. ಅಲ್ಲಿ ಅವಳು ಯಾವ ಗೀಸರಿಗೂ ಬಿಟ್ಟುಕೊಡದೆ ಉಳಿಸಿಕೊಂಡಿರುವ ತಾಮ್ರದ ಹಂಡೆ ಇದೆ. ಒಲೆಯ ಬಾಯಿ ಹೊರಗಡೆಗಿದೆ. ನನಗೆ ಹೇಳದೆ, ಆ ಒಲೆಗೆ ಅವಳು ನನ್ನ ಇದ್ದಿಲನ್ನು ತುಂಬಿದ್ದಳು.

ಅವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮೈಯಿಂದ ಹಬೆ ಏಳುತ್ತಿತ್ತು, ಮುಖ ಕೆಂಪಾಗಿತ್ತು. "ಭಾವ, ಇದು ನಮ್ಮ ಗೊನೇನಾ? ಹೊಗೇನೇ ಇಲ್ವಲ್ಲ! ಇದನ್ನ ಹೋಟೆಲ್ನೋರು ಬೇಡ ಅಂತಾರಾ?" ಎಂದ. ಪೆಟ್ರೋಲ್ ಬರುವುದಿಲ್ಲ ಎಂದು ನಾನು ಒಪ್ಪಿಕೊಂಡೆ. ಗರಿಯನ್ನೆಲ್ಲ ಸುಡಬೇಡ, ಮರದ ಸಾಲಿನ ನಡುವೆಯೇ ಹಾಸು, ಮಣ್ಣಿಗೂ ಊಟ ಬೇಕು, ಉಳಿದದ್ದನ್ನು ಇದ್ದಿಲು ಮಾಡು ಎಂದೆ. ಅವನು ತಲೆ ಒರೆಸಿಕೊಳ್ಳುತ್ತಾ, "ಅಷ್ಟು ಸಾಕು ಬಿಡಿ. ಮರ ಕೀಳಲ್ಲ" ಎಂದ. ನನಗಾದ ಸಂತೋಷ ಅಷ್ಟಿಷ್ಟಲ್ಲ. ನನ್ನ ಬಾಟಲಿಗಳನ್ನು ಕೊನೆಗೂ ಯಾರೂ ನೋಡಲಿಲ್ಲ ಎಂಬುದು ರಾತ್ರಿ ಊಟ ಮುಗಿಯುವವರೆಗೆ ನೆನಪಿಗೇ ಬರಲಿಲ್ಲ.

ಈಗ ಮಲ್ಲೇಶಿ ತೋಟದಲ್ಲಿ ಡ್ರಮ್ಮುಗಳನ್ನು ಸಾಲಾಗಿ ಇಟ್ಟಿದ್ದಾನೆ. ಅವನ ಇದ್ದಿಲು ಭದ್ರಾವತಿಯ ಒಂದೆರಡು ಹೋಟೆಲಿನಲ್ಲಿ ಉರಿಯುತ್ತಿದೆ. ನನ್ನ ಸ್ಕೂಟರ್ ತನ್ನ ಜಾಗಕ್ಕೆ ವಾಪಸಾಗಿದೆ. ಮೊನ್ನೆ ಅವನ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದೆವು. ಊಟಕ್ಕೆ ಕೂತಾಗ ಪಕ್ಕದ ಎಲೆಯವರು ತಮ್ಮ ಅಕ್ಕಿ ಗಿರಣಿಯ ಹೊಟ್ಟಿನ ರಾಶಿ ಬೆಟ್ಟದಷ್ಟಾಗಿದೆ, ಏನು ಮಾಡಬೇಕೋ ತಿಳಿಯುತ್ತಿಲ್ಲ ಎಂದು ಹೇಳಿಕೊಂಡರು. ನಾನು ಕೈ ಎಲೆಯಂಚಿಗೆ ಒರಗಿಸಿ, ಗಂಟಲು ಸರಿಮಾಡಿಕೊಂಡು, "ಕಸ ಅಲ್ಲ ಸ್ವಾಮಿ ಅದು..." ಎಂದೆ. ಎದುರು ಸಾಲಿನಿಂದ ಗಿರಿಜಾ ಬಡಿಸುವವನನ್ನು ಕೂಗಿದಳು: "ಅಲ್ಲಿ, ಅವರಿಗೆ ಮೊದಲು ಹೋಳಿಗೆ ಹಾಕಪ್ಪ. ಎರಡು ಹಾಕು. ಅವರು ತಿಂದು ಮುಗಿಸೋವರೆಗೂ ಅಲ್ಲೇ ನಿಂತಿರು."

ಹೋಳಿಗೆ ಬಿಸಿಯಾಗಿತ್ತು, ತುಪ್ಪವೂ ಧಾರಾಳವಾಗಿತ್ತು. ಭತ್ತದ ಹೊಟ್ಟಿನಿಂದ ಏನೇನು ಬರುತ್ತದೆ ಎಂಬುದು ಆ ಗಿರಣಿಯವರಿಗೆ ಇವತ್ತಿಗೂ ಗೊತ್ತಿಲ್ಲ.